ಫ್ಯಾನಿನ ರೆಕ್ಕೆಯ ಮೇಲೆ ಅಪ್ಪನ ಹೆಸರು

ಜುಲೈ ಕೊನೆ. ಹಾಸನದ ಆಲೂಗಡ್ಡೆ ಮಂಡಿಯಲ್ಲಿ
ಬೆಳಿಗ್ಗೆ ಆರಕ್ಕೇ ಕೆಮ್ಮಣ್ಣಿನ ವಾಸನೆ.
ತೂಕದ ಚೀಟಿ ಬರೆಯುವವಳು ನಾನು,
ಇಪ್ಪತ್ತೆರಡು ವರ್ಷದಿಂದ.
ನನಗಿಂತ ಮುಂಚೆ ಇದೇ ಮೂಲೆಯಲ್ಲಿ ಅಪ್ಪ.
ತೂಕದ ಇನ್ನಾಸಪ್ಪ ಅಂದರೆ ಸಂತೆಪೇಟೆಗೆಲ್ಲ ಗೊತ್ತು.

ನಿನ್ನನ್ನು ವಿವೇಕ ಕೇಳಿದ್ದು ನೆನಪಿದೆ, ಸ್ವಾಮಿ,
ಹತ್ತನೇ ಕ್ಲಾಸಿನ ಗಣಿತದ ಹಿಂದಿನ ರಾತ್ರಿ.
ವಿವೇಕ ಅಂದರೆ ಆಗ ಮೂವತ್ತೈದು ಅಂಕ.
ನೀನು ಮೂವತ್ತಾರು ಕೊಟ್ಟೆ.
ಆ ಒಂದು ಯಾಕೆ ಹೆಚ್ಚಿಗೆ ಎಂದು ಅಮ್ಮ
ನಗುತ್ತಲೇ ಮೇಣದಬತ್ತಿ ಹಚ್ಚಿದ್ದಳು.

ಅಪ್ಪನಿಗೆ ಗಣಿತವೂ ಇರಲಿಲ್ಲ.
ಮೂಟೆ ಹೇರುವ ಮುಂಚೆ
ತಕ್ಕಡಿಯ ಹಲಗೆಯನ್ನು ಹೆಗಲ ಟವೆಲಿನಿಂದ ಒರೆಸುತ್ತಿದ್ದ,
ಪ್ರತಿ ಸಲ, ಮಗುವಿನ ಮೂಗು ಒರೆಸಿದ ಹಾಗೆ.
ಮುಳ್ಳು ನಡುಗಿ ನಡುಗಿ ನಿಲ್ಲುವವರೆಗೂ
ಉಸಿರು ಬಿಡುತ್ತಿರಲಿಲ್ಲ.

ಒಂದು ವರ್ಷ ಸಾಹುಕಾರ ಅಂದ:
“ಮಣ್ಣಿನ ಸೂಟು ಮೂಟೆಗೆ ಒಂದು ಕೆಜಿ ಮುರೀತೀವಲ್ಲ,
ಒಂದೂವರೆ ಮಾಡು. ಅರ್ಧದಲ್ಲಿ ನಿನಗೂ ಪಾಲು.”
ಅಪ್ಪ ಇಲ್ಲ ಅನ್ನಲಿಲ್ಲ.
ಇದನ್ನು ನುಂಗಿಕೊಂಡು ನಾನು ಪ್ರಾರ್ಥನೆಗೆ ಕೂರಲಾರೆ.

ಆ ದುಡ್ಡು ಅವನು ಕುಡಿಯಲಿಲ್ಲ,
ಅಮ್ಮನಿಗೆ ಸೀರೆಯನ್ನೂ ತರಲಿಲ್ಲ.
ದೇವಾಲಯಕ್ಕೆ ಒಂದು ಫ್ಯಾನು ಕೊಟ್ಟ.
ಮೂರು ರೆಕ್ಕೆಗೆ ಕೆಂಪು ಬಣ್ಣದಲ್ಲಿ ಬರೆಸಿದ:
ದಾನಿಗಳು
ಇನ್ನಾಸಪ್ಪ
ಮತ್ತು ಕುಟುಂಬ.
ಆ ಮೂರನೇ ರೆಕ್ಕೆ ನಾನು.

ತಿರುಗುವಾಗ ಹೆಸರಿಲ್ಲ, ಬರೀ ಗಾಳಿ.
ಒಂದು ಭಾನುವಾರ ಪ್ರಸಂಗದ ನಡುವೆ ಕರೆಂಟು ಹೋಯಿತು.
ರೆಕ್ಕೆಗಳು ನಿಧಾನವಾದವು,
ಕೆಂಪು ಬಳೆಯೊಂದು ಒಡೆದು ಅಕ್ಷರ ಅಕ್ಷರವಾಯಿತು.
ಎಲ್ಲರೂ ಕರವಸ್ತ್ರ ಹುಡುಕುತ್ತಿದ್ದಾಗ
ಅಪ್ಪ ಮೇಲೆ ನೋಡಿದ,
ಯಾರದೋ ಚೀಟಿ ತನ್ನ ಕೈಗೆ ಬಂದವನ ಹಾಗೆ.

ಹಳೇ ಪುಸ್ತಕದಲ್ಲಿ ನಲವತ್ತೊಂದು ಹೆಸರು,
ಪಕ್ಕದಲ್ಲಿ ಪುಟ್ಟ ಪುಟ್ಟ ಚುಕ್ಕೆ.
ಅಮ್ಮನ ಓಲೆ ಒತ್ತೆ ಬಿತ್ತು.
ಅವಳು ಎಂಟು ದಿನ ಮಾತು ಬಿಟ್ಟಳು,
ಒಂಬತ್ತನೇ ದಿನ ಸೈಕಲ್ಲಿಗೆ ತಾನೇ ಗಾಳಿ ಹೊಡೆಸಿಕೊಟ್ಟಳು.

ಕಟ್ಟಾಯದ ಬೋರೇಗೌಡ ತೀರಿಕೊಂಡು ವರ್ಷವಾಗಿತ್ತಂತೆ.
ಹೆಂಡತಿ ಸಣ್ಣತಾಯಮ್ಮ ಬಾಗಿಲಲ್ಲೇ ಕೇಳಿದಳಂತೆ:
“ಮೂರು ಕೆಜಿ ಗಡ್ಡೆಗೆ ಇಷ್ಟು ದೂರ ತುಳ್ಕೊಂಡು ಬಂದ್ಯಾ?
ಅವ್ರಿದ್ದಿದ್ರೆ ಬೈತಿದ್ರು. ನನಗೆ ಬೈಯಕ್ಕೆ ಬರಲ್ಲ, ಕೂತ್ಕೋ.”
ಮಜ್ಜಿಗೆ ಕೊಟ್ಟಳು.
ದುಡ್ಡನ್ನು ಮಾತ್ರ ಎರಡು ಸಲ ಎಣಿಸಿದಳು.

ಮನೆಗೆ ಬಂದವನ ಮುಖದಲ್ಲಿ ಬೆಳಕೇನೂ ಕಾಣಲಿಲ್ಲ.
ಮೊಣಕಾಲು ನೋವು,
ಸಾರಿಗೆ ಉಪ್ಪು ಕಮ್ಮಿ ಎಂದು ಗೊಣಗಿದ.
ಮರುದಿನ ಮತ್ತೆ ಸೈಕಲ್ಲು ಹತ್ತಿದ.

ನಿನಗೆ ಯಾವುದು ಹಿಡಿಸಿತು, ಸ್ವಾಮಿ?
ಫ್ಯಾನು ಅಲ್ಲ ಎನ್ನಲೂ ಆರೆ.
ಅದರ ಕೆಳಗೆ ಜ್ವರದ ಕೂಸೊಂದು
ಪೂಜೆ ಮುಗಿಯುವವರೆಗೆ ತಣ್ಣಗೆ ಮಲಗಿದ್ದನ್ನು ಕಂಡಿದ್ದೇನೆ.
ಮಜ್ಜಿಗೆಯೋ? ಅಮ್ಮನ ಬರಿಗಿವಿಯೋ?
ನೀನು ಚೀಟಿ ಬರೆದು ಕೊಡುವವನಲ್ಲ.

ಈಗ ಮುಳ್ಳಿಲ್ಲ, ಕೆಂಪು ಅಂಕಿಯ ತಕ್ಕಡಿ.
ಇವತ್ತು ಬೆಳಿಗ್ಗೆ ಗುಂಡಿ ಒತ್ತಿದೆ,
ಸೊನ್ನೆ ತೋರಿಸಿತು. ಸರಿ ಅಂದುಕೊಂಡೆ.
ಆಮೇಲೆ ಟವೆಲು ತೆಗೆದು ಹಲಗೆ ಒರೆಸಿದೆ,
ನಿನ್ನೆಯ ಮಣ್ಣು, ಅಂಟಿದ ಸಿಪ್ಪೆ,
ಮೂಲೆಯಲ್ಲಿ ಕೊಳೆತ ಗಡ್ಡೆಯ ಚೂರು.
ಅಂಕಿ ಜಾರಿತು:
ಸೊನ್ನೆಗಿಂತ ಕೆಳಗೆ, ಇನ್ನೂರು ಗ್ರಾಂ.

ನಾನು ನಂಬಿದ್ದ ಸೊನ್ನೆಯೊಳಗೇ
ಇಷ್ಟು ಮಣ್ಣಿತ್ತು.

ಗುಂಡಿಯ ಮೇಲೆ ಬೆರಳಿಟ್ಟುಕೊಂಡು
ಒಂದು ಗಳಿಗೆ ಸುಮ್ಮನೆ ನಿಂತೆ.
ಇದನ್ನೇ ಪ್ರಾರ್ಥನೆ ಅಂತ ಲೆಕ್ಕ ಹಿಡಿ.
ಆಲೂರಿನ ಕಡೆಯ ಲಾರಿ ಗೇಟಿನಲ್ಲಿ ಹಾರ್ನು ಹೊಡೆಯುತ್ತಿದೆ,
ಮೊದಲ ಮೂಟೆ ಇಳಿಯುತ್ತಿದೆ.